ಕಹಿ ಬಿಟ್ಟ ಹೆಪ್ಪು

ಆ ವರ್ಷ ಹುಬ್ಬಳ್ಳಿ-ಧಾರವಾಡದ ನಲವತ್ತು ಮನೆಗಳಲ್ಲಿ ಮೊಸರು ಕಹಿಯಾಯಿತು, ಆದರೂ ಯಾರೂ ಅದನ್ನು ಚೆಲ್ಲಲಿಲ್ಲ.

ಮೊದಲ ಬಟ್ಟಲು ಬಂದದ್ದು ಹೊಸಯಲ್ಲಾಪುರದ ಶಾಂತವ್ವನ ಅಡುಗೆಮನೆಗೆ. ತಂದವಳು ಅವಳ ಸೊಸೆ ಮಹಾನಂದಾ. ಊರ ಹೊರಗಿನ ಹಾಲಿನ ಸಂಶೋಧನಾ ಕೇಂದ್ರದಲ್ಲಿ ಅವಳು ವಿಜ್ಞಾನಿ. ಗಂಡ ರೈಲ್ವೆ ಗಾರ್ಡು. ಗೂಡ್ಸ್ ಗಾಡಿಯ ಹಿಂದೆ ಊರೂರು ತಿರುಗುವವನು, ಮನೆಗೆ ಬಂದಾಗ ಅತಿಥಿ. ಹೀಗಾಗಿ ಮನೆಯೆಂದರೆ ಅತ್ತೆ, ಸೊಸೆ ಮತ್ತು ಒಂಬತ್ತು ವರ್ಷದ ಕಸ್ತೂರಿ.

ಶಾಂತವ್ವ ಕಿರುಬೆರಳಿನಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಮುಖ ಕಿವುಚಿದಳು.

"ಏನ ಬೇ ಇದು? ಬೇವಿನಸೊಪ್ಪ ಅರದು ಹೆಪ್ಪ ಹಾಕೀರೇನು?"

"ಔಷಧ ಐತ್ರಿ ಅತ್ತಿ. ನಮ್ಮ ಕಸ್ತೂನ ಕೀಲಿಗೆ."

"ನಿಮ್ಮ ಆಫೀಸಿನಾಗ ಮೊಸರಿಗೂ ಡಾಕ್ಟರಕಿ ಓದಿಸಿಬಿಟ್ರಿ ಹಂಗಾರ."

ಕಸ್ತೂರಿ ಒಂದು ಚಮಚ ನುಂಗಿ ಕೆಮ್ಮಿದಳು. "ಅವ್ವಾ, ಗಂಟಲದಾಗ ಚುಚ್ಚತೈತಿ."

"ಚುಚ್ಚಬೇಕು ಪುಟ್ಟಿ. ಚುಚ್ಚಿದ್ರನ ಅದು ಕೆಲಸ ಮಾಡೋದು," ಎಂದಳು ಮಹಾನಂದಾ. ಎಂದವಳೇ ಮಗಳ ಬೆನ್ನು ಸವರಿದಳು.

ಆ ಬೆನ್ನು ಅವಳಿಗೆ ಚೆನ್ನಾಗಿ ಗೊತ್ತು. ಐದನೆಯ ವರ್ಷಕ್ಕೆ ಹುಡುಗಿಯ ಮೊಣಕಾಲು ಬಾತುಕೊಂಡಿತ್ತು. ಬಿದ್ದಿರಬೇಕು ಅಂದುಕೊಂಡರು. ಆಮೇಲೆ ಎರಡೂ ಮೊಣಕಾಲು, ಬಲಗೈ ಮಣಿಕಟ್ಟು. ದೇಹವನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ಸುಡುವ ರೋಗ ಎಂದರು ಹುಬ್ಬಳ್ಳಿಯ ಮಕ್ಕಳ ಡಾಕ್ಟರಮ್ಮ. ಉರಿಯೂತ ಅಂತ ಅದಕ್ಕೊಂದು ಹೆಸರು. ವಾರಕ್ಕೊಮ್ಮೆ ಒಂದು ಹಳದಿ ಗುಳಿಗೆ. ಅದು ಹೊಟ್ಟೆಗಿಳಿದ ದಿನವೆಲ್ಲ ಕೂಸು ಬಕೆಟ್ಟಿನ ಮುಂದೆ ಬಗ್ಗಿ ಕುಳಿತಿರುತ್ತಿತ್ತು. ಶನಿವಾರ ಅಂದರೆ ಅಳುತ್ತಿತ್ತು. ಕ್ಯಾಲೆಂಡರಿನಲ್ಲಿ ಶನಿವಾರ ಇಲ್ಲದ ತಿಂಗಳು ಯಾವುದು ಎಂದು ಒಮ್ಮೆ ಅಜ್ಜಿಯನ್ನು ಕೇಳಿತ್ತು.

ಮಹಾನಂದಾ ಈ ಕೆಲಸಕ್ಕೆ ಕೈ ಹಾಕಿದ್ದು ಆ ಪ್ರಶ್ನೆಯಿಂದ.

ಆಲಿವ್ ಹಣ್ಣಿನಿಂದ ಆಗ ತಾನೇ ಹಿಂಡಿದ ಎಣ್ಣೆಯನ್ನು ಹಸಿಯಾಗಿ ನುಂಗಿದರೆ ಗಂಟಲ ಹಿಂದೆ ಒಂದು ಉರಿ ಏಳುತ್ತದೆ, ಕೆಮ್ಮು ಬರುತ್ತದೆ. ನೋವು-ಜ್ವರದ ಒಂದು ಬಗೆಯ ಗುಳಿಗೆಯನ್ನು ಕರಗಿಸಿ ಕುಡಿದರೂ ಅದೇ ಜಾಗದಲ್ಲಿ ಅದೇ ಉರಿ. ಎರಡೂ ದೇಹದೊಳಗೆ ಮಾಡುವ ಕೆಲಸವೂ ಹೆಚ್ಚುಕಡಿಮೆ ಒಂದೇ, ಉರಿಯೂತದ ಒಲೆಗೆ ಸೌದೆ ತಳ್ಳುವ ಕೈಯನ್ನು ಹಿಡಿದು ನಿಲ್ಲಿಸುವುದು. ಇದು ಹಳೆಯ ಸಂಗತಿ. ಆದರೆ ಎಣ್ಣೆಯಲ್ಲಿ ಆ ವಸ್ತು ಇರುವುದು ಚೂರೇ ಚೂರು. ಒಂದು ಮಗುವಿನ ಕೀಲು ತಣ್ಣಗಾಗಬೇಕೆಂದರೆ ಅದು ದಿನಾ ತಂಬಿಗೆಗಟ್ಟಲೆ ಎಣ್ಣೆ ಕುಡಿಯಬೇಕು.

ಎಣ್ಣೆ ಬೇಡ, ಆ ಕಹಿಯನ್ನು ಕಟ್ಟುವ ವಿದ್ಯೆಯಷ್ಟೇ ಸಾಕು ಎಂದುಕೊಂಡಳು ಮಹಾನಂದಾ. ಆಲಿವ್ ಗಿಡದ ಜೀವಕೋಶದಲ್ಲಿ ಆ ವಿದ್ಯೆ ಬರೆದಿರುವ ಎಳೆಗಳನ್ನು ಬಿಡಿಸಿ ತೆಗೆದು, ಹಾಲನ್ನು ಮೊಸರು ಮಾಡುವ ಜೀವಾಣುವಿನೊಳಗೆ ಹೊಲಿದಳು. ಆರು ವರ್ಷ ಬೇರೆಯವರು ಮಾಡಿಟ್ಟ ಕೆಲಸದ ಮೇಲೆ ಅವಳ ಮೂರು ವರ್ಷ. ಕೊನೆಗೆ ಒಂದು ಬಟ್ಟಲ ಹಾಲು ರಾತ್ರಿ ಬೆಳಗಾಗುವುದರೊಳಗೆ ಗಟ್ಟಿ ಮೊಸರಾಗಿ, ನಾಲಿಗೆಗೆ ಕಹಿಯಾಗಿ, ಗಂಟಲಿಗೆ ಚುಚ್ಚಿತು. ಕೇಂದ್ರದ ಮುಖ್ಯಸ್ಥ ಗಲಗಲಿ ಸರ್ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡು ನಕ್ಕರು.

"ಭೇಷ್ ಮಹಾನಂದಾ! ಔಷಧದ ಅಂಗಡಿನ ಬ್ಯಾಡವಾ ಇನ್ನ. ಒಂದು ಚಮಚೆ ಕೊಟ್ರ ಸಾಕು, ಮುಂದ ಮನ್ಯಾಗ ಮನಿ ಹೆಣ್ಣಮಕ್ಕಳ ಬೆಳಸ್ಕೋತಾರ."

ಆ ಮಾತು ಅವಳಿಗೆ ಬಹಳ ಹಿಡಿಸಿತ್ತು. ಇಂದಿನ ಮೊಸರಿನಿಂದ ನಾಳೆಯ ಮೊಸರು. ಯಾರ ಮುಂದೂ ಕೈ ಚಾಚಬೇಕಿಲ್ಲ. ಔಷಧವೆಂಬುದು ತುತ್ತಿನ ಜೊತೆ, ತಾಯಿಯ ಕೈಯಿಂದ, ದಿನಾ ಮಗುವಿನ ಹೊಟ್ಟೆ ಸೇರುತ್ತದೆ.

*

ಮತ್ತು ಅದು ಕೆಲಸ ಮಾಡಿತು.

ಮೊದಲ ತಿಂಗಳು ಕಸ್ತೂರಿಯನ್ನು ಊಟಕ್ಕೆ ಕೂರಿಸುವುದೆಂದರೆ ಜಗಳ. ಶಾಂತವ್ವ ಮೊಸರಿಗೆ ಶೇಂಗಾಚಟ್ನಿ ಕಲಸಿದಳು, ಬೆಲ್ಲ ಕಲಸಿದಳು, ಬಾಳೆಹಣ್ಣು ಕಿವುಚಿದಳು. "ನುಂಗ ನನ್ನ ಬಂಗಾರ. ನುಂಗಿದ್ರ ಶಾಲಿ ಮಟಾ ಓಡೂವಂಗ ಆಕ್ಕೀದಿ." ಎರಡನೆಯ ತಿಂಗಳು ಒಂದು ಬೆಳಿಗ್ಗೆ ಹುಡುಗಿ ಯಾರನ್ನೂ ಕರೆಯದೆ ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗಿಬಂದಳು. ರೊಟ್ಟಿ ತಟ್ಟುತ್ತಿದ್ದ ಮಹಾನಂದಾಳ ಕೈ ಹಾಗೇ ನಿಂತಿತು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ವಾಸನೆ ಬಂದ ಮೇಲೆ ಇಬ್ಬರಿಗೂ ಎಚ್ಚರ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಮೊಣಕಾಲು ಒತ್ತಿ ನೋಡಿ, ಹಳದಿ ಗುಳಿಗೆಯನ್ನು ಅರ್ಧಕ್ಕಿಳಿಸಿದರು. ನಾಲ್ಕು ತಿಂಗಳಿಗೆ ಅದನ್ನು ನಿಲ್ಲಿಸಿಯೇ ಬಿಟ್ಟರು. ಶನಿವಾರ ಎಲ್ಲ ಮಕ್ಕಳಿಗಿದ್ದಂತೆ ಕಸ್ತೂರಿಗೂ ಅರ್ಧ ದಿನದ ಶಾಲೆಯ ಶನಿವಾರವಾಯಿತು.

ಇದೇ ಕೀಲುಬೇನೆಯ ಮಕ್ಕಳಿದ್ದು, ಪ್ರಯೋಗಕ್ಕೆಂದು ಕೇಂದ್ರದಿಂದ ಹೆಪ್ಪು ಪಡೆದಿದ್ದ ನಲವತ್ತೂ ಮನೆಯವರು ತಿಂಗಳಿಗೊಮ್ಮೆ ಹುಬ್ಬಳ್ಳಿಯ ದವಾಖಾನೆಯಲ್ಲಿ ಸೇರುತ್ತಿದ್ದರು. ಒಳಗೆ ಒಬ್ಬೊಬ್ಬರದೇ ತಪಾಸಣೆ ನಡೆದರೆ ಹೊರಗಿನ ಬೆಂಚಿನ ಮೇಲೆ ಹೆಂಗಸರ ಮಾತು.

"ನಮ್ಮನ್ಯಾಗ ಕಹಿ ಅಂತ ಹುಡುಗ ಉಗಳೇಬಿಡ್ತಾನ್ರಿ."

"ನಮ್ಮದು ಈಗ ಅಷ್ಟ ಕಹಿ ಇಲ್ಲ ನೋಡ್ರಿ. ರೂಢಿ ಆಗೇತಿ."

"ಶಾಂತಕ್ಕನ ಮೊಸರ ನೋಡಬೇಕ ನೀವು. ಕತ್ತರಿಸಿದ್ರ ತುಂಡ ಬರ್ತೈತಿ. ಕಹಿ ಅಂದ್ರ ಹೆಸರಿಗೆ ಅಷ್ಟ."

ಶಾಂತವ್ವ ಸಂಕೋಚದಿಂದ ಸೆರಗು ಎಳೆದುಕೊಂಡಳು. ಮುಂದಿನ ತಿಂಗಳು ಅವಳು ಬರುವಾಗ ಕೈಯಲ್ಲೊಂದು ಡಬ್ಬಿಯಿತ್ತು. ಕೇಳಿದವರಿಗೆಲ್ಲ ಒಂದೊಂದು ಚಮಚ ಹೆಪ್ಪು. ಹೆಪ್ಪು ಕೇಳಿದವರಿಗೆ ಇಲ್ಲ ಅನ್ನುವ ಮನೆಯಲ್ಲಿ ಅವಳು ಹುಟ್ಟಿರಲಿಲ್ಲ, ಅಂಥ ಮನೆಗೆ ಸೊಸೆಯಾಗಿಯೂ ಬಂದಿರಲಿಲ್ಲ.

ಮಹಾನಂದಾ ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ತಾಯಂದಿರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಕೇಳುತ್ತಿದ್ದಳು, ಮೊಸರಿನ ಕಹಿ ಮಕ್ಕಳಿಗೆ ಹೇಗಾಗಿದೆ ಎಂದು. ಎಲ್ಲರ ಉತ್ತರವೂ ಒಂದೇ. ರೂಢಿ ಆಗೇತ್ರಿ ಮೇಡಂ. ಅವಳಿಗೂ ಹಾಗೇ ಅನಿಸಿತ್ತು. ರಾತ್ರಿ ತಾನು ಉಣ್ಣುವಾಗ ಆ ಮೊಸರು ಮೊದಲಿನಂತೆ ಕಿರಿಕಿರಿ ಮಾಡುತ್ತಿರಲಿಲ್ಲ. ನಾಲಿಗೆ ಎಂಥದಕ್ಕೂ ಒಗ್ಗಿಕೊಳ್ಳುತ್ತದೆ ಅಂದುಕೊಂಡಳು.

ಗಲಗಲಿ ಸರ್ ಈ ಮಾತನ್ನು ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದರು, ಜನ ಕಹಿಗೆ ಹೊಂದಿಕೊಂಡಿದ್ದಾರೆ, ಈ ಪ್ರಯೋಗದ ದೊಡ್ಡ ಗೆಲುವು ಇದೇ ಎಂದು.

*

ಚಳಿಗಾಲ ಬಂತು. ಕಸ್ತೂರಿ ಬೆಳಿಗ್ಗೆ ಏಳಲು ತಡ ಮಾಡತೊಡಗಿದಳು. ಚಳಿಗೆ ಅಂದುಕೊಂಡರು. ಶಾಲೆಯ ಅಂಗಿಯ ಗುಂಡಿ ಹಾಕಿಕೊಳ್ಳದೆ ಅಜ್ಜಿಯ ಮುಂದೆ ಬಂದು ನಿಂತಳು. ಮುದ್ದು ಮಾಡಿ ಕೆಟ್ಟಿದೆ ಹುಡುಗಿ ಅಂದುಕೊಂಡರು. ಊಟ ಮಾತ್ರ ಚೆನ್ನಾಗಿ ಮಾಡುತ್ತಿದ್ದಳು. ಎರಡೆರಡು ಸಲ ಮೊಸರನ್ನ ಬೇಡಿ ಹಾಕಿಸಿಕೊಳ್ಳುತ್ತಿದ್ದಳು. ಅಷ್ಟು ಮೊಸರು ಹೊಟ್ಟೆಗೆ ಹೋಗುವಾಗ ಮಗುವಿಗೆ ಏನಾದೀತು ಎಂಬ ಧೈರ್ಯ.

ಒಂದು ಭಾನುವಾರ ಮಹಾನಂದಾ ಅವಳಿಗೆ ತಲೆಗೆ ಎಣ್ಣೆ ಹಚ್ಚಿ ಎರೆಯಲು ಕೂರಿಸಿಕೊಂಡಳು. ಬಲಗೈ ಹಿಡಿದು ಎತ್ತಿದಾಗ ಹುಡುಗಿ ಕಿಟಾರನೆ ಕಿರುಚಿದಳು. ಮಣಿಕಟ್ಟು ಹಸಿ ಬದನೆಕಾಯಿಯ ಹಾಗೆ ಬಿಗಿದು, ಬಿಸಿಯಾಗಿತ್ತು.

"ಯಾವಾಗಿಂದ ಕಸ್ತೂ?"

ಹುಡುಗಿ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ನನಗ್ಯಾಕ ಹೇಳಲಿಲ್ಲ ಪುಟ್ಟಿ?"

"ಹೇಳಿದ್ರ ಮತ್ತ ಶನಿವಾರ ಗುಳಿಗಿ ಕೊಡ್ತೀರಿ."

ಎಡಗೈಯಲ್ಲಿ ಬರೆಯುವುದನ್ನು ಅವಳು ತಾನೇ ಕಲಿತುಕೊಂಡಿದ್ದಳು.

ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿದರು. ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ನೋಡಿ, ಕುರ್ಚಿ ಹತ್ತಿರಕ್ಕೆಳೆದುಕೊಂಡು ಕುಳಿತರು. ಮೊಣಕಾಲುಗಳು ಸುಧಾರಿಸುತ್ತವೆ, ಗುಳಿಗೆ ಈಗಲೇ ಶುರು ಮಾಡೋಣ ಎಂದರು. ಮಣಿಕಟ್ಟಿನಲ್ಲಿ ಮಾತ್ರ ಮೂಳೆಯ ನಡುವಿನ ಮೆತ್ತೆ ಸುಟ್ಟುಹೋಗಿದೆ, ಮೂಳೆಗೆ ಮೂಳೆ ಅಂಟಿಕೊಳ್ಳುತ್ತಿದೆ. ಅದು ಮತ್ತೆ ಬಿಟ್ಟುಕೊಳ್ಳುವುದಿಲ್ಲ. ಆಮೇಲೆ ಮೆಲ್ಲಗೆ, "ಈ ತಿಂಗಳು ನಿಮ್ಮ ಪ್ರಯೋಗದ ಮನಿಗಳಿಂದ ಇವಳೊಬ್ಬಳ ಅಲ್ಲ ಬಂದಾಕಿ," ಎಂದರು.

*

ಮಹಾನಂದಾ ಮನೆಮನೆಗೆ ಹೋಗಿ ಮೊಸರು ತಂದಳು. ಕೇಂದ್ರದಲ್ಲಿ ಒಂದು ಬಗೆಯ ಗಾಜಿನ ತಟ್ಟೆಯಿದೆ. ಅದರ ಮೇಲೆ ಮೊಸರಿನ ಜೀವಾಣು ಬೆಳೆಸಿದರೆ ಆಲಿವ್ ಕಹಿ ಮಾಡುವ ಗುಂಪು ಹಸಿರು ಚುಕ್ಕೆಯಾಗಿ ಕಾಣುತ್ತದೆ, ಮಾಡದ್ದು ಬಿಳಿ ಚುಕ್ಕೆ. ಎರಡು ದಿನ ಬಿಟ್ಟು ಬೆಚ್ಚಗಿನ ಪೆಟ್ಟಿಗೆಯ ಬಾಗಿಲು ತೆರೆದಳು.

ತಟ್ಟೆಗಳೆಲ್ಲ ಬಿಳಿ. ಅಲ್ಲೊಂದು ಇಲ್ಲೊಂದು ಹಸಿರು, ತಪ್ಪಿಸಿಕೊಂಡು ಬಂದವರ ಹಾಗೆ. ತನ್ನ ಮನೆಯ ತಟ್ಟೆಯಲ್ಲಿ ಅದೂ ಇಲ್ಲ.

ಗಲಗಲಿ ಸರ್ ಕನ್ನಡಕ ಏರಿಸಿ ಇಳಿಸಿ ನೋಡಿದರು. "ಸಾಧ್ಯ ಇಲ್ಲ. ನಾವ ಲ್ಯಾಬಿನ್ಯಾಗ ಹಾಕಿದ ಹೆಪ್ಪ ಮತ್ತ ಮತ್ತ ಹಾಕಿ ನೋಡೇವಿ. ಅಲ್ಪಸ್ವಲ್ಪ ಬಿಳಿ ಬಂದ್ರೂ ಹಸರ ಉಳದಿತ್ತು. ಮನಿಗೋಳೊಳಗ ಹೆಂಗ ಇಷ್ಟ ಲಗೂ ಹೋಗ್ತದ? ನೀರ ಬೆರಸಿದ್ರೋ ಏನೋ. ಬ್ಯಾರೆ ಮೊಸರ ಕೂಡಿಸಿದ್ರೋ."

ಅವಳಿಗೂ ತಿಳಿಯಲಿಲ್ಲ. ಕಹಿ ಕಟ್ಟುವ ಜೀವಾಣುವಿಗೆ ಅದೊಂದು ಹೆಚ್ಚಿನ ಹೊರೆ, ನಿಜ. ಆ ಹೊರೆ ಕೆಳಗೆ ಬಿಸಾಕಿದ್ದು ಬೇಗ ಬೇಗ ಬೆಳೆಯುತ್ತದೆ, ಅದೂ ನಿಜ. ಅದನ್ನೆಲ್ಲ ಲೆಕ್ಕ ಹಾಕಿಯೇ ವರ್ಷಗಟ್ಟಲೆ ಉಳಿಯುತ್ತದೆಂದು ಹೇಳಿದ್ದರು. ಇಷ್ಟು ಬೇಗ ಸೋತಿದೆಯೆಂದರೆ ಯಾರೋ ಬಿಳಿಯ ಪಕ್ಷ ಹಿಡಿದಿರಬೇಕು.

ಮರುದಿನ ರಜೆ ಹಾಕಿದಳು. ರಾತ್ರಿಯೆಲ್ಲ ವಾಂತಿ ಮಾಡಿ ಬೆಳಗಿನ ಜಾವ ಕಣ್ಣು ಮುಚ್ಚಿದ್ದ ಮಗಳ ಪಕ್ಕದಿಂದ ಎದ್ದು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸತೊಡಗಿದಳು. ಶಾಂತವ್ವ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, ನೆಲುವಿನಿಂದ ಎರಡು ಬಟ್ಟಲು ಇಳಿಸಿದಳು. ಒಂದು ಮಧ್ಯಾಹ್ನದ ಊಟಕ್ಕೆ, ಒಂದು ರಾತ್ರಿಗೆ. ಯಾರೂ ಉಣ್ಣುವುದಕ್ಕೆ ಮೊದಲು, ಎಂಜಲು ತಾಗುವ ಮೊದಲು, ನಾಳೆಯ ಹೆಪ್ಪು ಎತ್ತಿಡುವುದು ಆ ಮನೆಯ ಪದ್ಧತಿ. ಒಂದು ಬಟ್ಟಲಿಂದ ಒಂದು ತೊಟ್ಟು ಅಂಗೈಗೆ. ನೆಕ್ಕಿದಳು. ಕೈ ತೊಳೆದಳು. ಇನ್ನೊಂದರಿಂದ ಒಂದು ತೊಟ್ಟು. ನೆಕ್ಕಿದಳು. ಎರಡೂ ಬಟ್ಟಲನ್ನು ಓರೆ ಮಾಡಿ ಯಾವುದು ಗಟ್ಟಿ ಎಂದು ನೋಡಿದಳು. ಎರಡನೆಯದರಿಂದ ಒಂದು ಚಮಚ ಎತ್ತಿ ಪುಟ್ಟ ಕುಡಿಕೆಗೆ ಹಾಕಿ ಮುಚ್ಚಿದಳು.

ಮಹಾನಂದಾಳ ಕೈಯಲ್ಲಿದ್ದ ಬೀಜ ಕೆಳಗೆ ಬಿತ್ತು.

"ಅತ್ತಿ, ಅದರಾಗಿಂದ ಯಾಕ ತಗೊಂಡ್ರಿ?"

"ಯಾವದು ಚಲೋ ಐತಿ ಅದನ್ನ ತಗೀತೀವಿ ಮತ್ತ. ಇದು ಗಟ್ಟಿ ಐತಿ, ಸಿಹಿ ಐತಿ. ನಮ್ಮ ಅತ್ತಿ ಹಿಂಗ ಕಲಿಸ್ಯಾಳ. ಕೆಟ್ಟ ಹೆಪ್ಪ ಹಾಕಿದ್ರ ನಾಳಿ ಮೊಸರೂ ಕೆಡತೈತಿ." ಒಂದು ಗಳಿಗೆ ಬಿಟ್ಟು ಮೆಚ್ಚುಗೆ ಬೇಡುವ ದನಿಯಲ್ಲಿ ಸೇರಿಸಿದಳು, "ನೀ ತಂದಾಗ ಎಂಥಾ ಕಹಿ ಇತ್ತು ನೋಡು. ದಿನಾ ಹಿಂಗ ಆರಿಸಿ ಆರಿಸಿನ ನಾ ಕೂಸು ಉಣ್ಣೂವಂಗ ಮಾಡೇನಿ."

ಬೇಗ ಹೆಪ್ಪುಗಟ್ಟಿದ್ದು, ಗಟ್ಟಿಯಾದದ್ದು, ಕಹಿಯಿಲ್ಲದ್ದು. ಒಳ್ಳೆಯ ಮೊಸರಿಗೆ ಯಾವ ಹೆಣ್ಣುಮಗಳೂ ಹೇಳುವ ಲಕ್ಷಣಗಳಿವು. ಔಷಧ ಕಳೆದುಕೊಂಡ ಮೊಸರಿನ ಲಕ್ಷಣಗಳೂ ಇವೇ. ನಲವತ್ತು ಅಡುಗೆಮನೆಗಳಲ್ಲಿ ನಲವತ್ತು ಅಂಗೈಗಳು ಪ್ರತಿ ಬೆಳಿಗ್ಗೆ ಬಿಳಿಯದನ್ನು ಆರಿಸಿ ಎತ್ತಿಟ್ಟಿದ್ದವು. ಒಂದಕ್ಕಿಂತ ಒಂದು ಮಮತೆಯ ಕೈ. ಕಹಿ ಹೋಗುವುದು ತಡವಾಗಿದ್ದ ಕಡೆ ಶಾಂತವ್ವನ ಡಬ್ಬಿ ಹೋಗಿ ಮುಟ್ಟಿತ್ತು.

ಮಹಾನಂದಾ ಎದ್ದು ಹಿತ್ತಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು, ಸೆರಗನ್ನು ಬಾಯಿಗೆ ತುರುಕಿಕೊಂಡು, ಒಳಗೆ ಕೇಳಿಸದ ಹಾಗೆ ಅತ್ತಳು.

*

ಗಲಗಲಿ ಸರ್‌ಗೆ ಹೇಳಿದಾಗ ಅವರು ಬಿಳಿ ಚುಕ್ಕೆಯ ತಟ್ಟೆಗಳನ್ನು ಮತ್ತೆ ಎದುರಿಗೆ ಎಳೆದುಕೊಂಡರು.

"ಲ್ಯಾಬಿನ್ಯಾಗ ನೀವು ಹೆಪ್ಪ ಹಾಕೋವಾಗ ರುಚಿ ನೋಡಿದ್ರೇನ್ರಿ ಸರ್?"

"ರುಚಿ ಯಾಕ ನೋಡಬೇಕವಾ? ಯಾವ ಬಟ್ಟಲ ಕೈಗೆ ಸಿಗ್ತದ ಅದರಾಗಿಂದ ಒಂದು ಹನಿ."

"ಅಲ್ಲೇ ತಪ್ಪಿದ್ವಿ ನಾವು. ನಾ ದಿನಾ ನಮ್ಮ ಮನ್ಯಾಗ ಅದನ್ನ ನೋಡಕೋತ ಬೆಳದಾಕಿ. ನಮ್ಮವ್ವನೂ ಹಂಗ ಮಾಡ್ತಿದ್ಲು. ಕಣ್ಣಿಗೆ ಬಿದ್ದದ್ದು ತಲಿಗೆ ಹೋಗಲಿಲ್ಲ."

ಅವರು ಎದ್ದು ಬಾಗಿಲು ಹಾಕಿಬಂದರು. ಆಮೇಲೆ ಕೆಲಸದ ಮಾತು. ಶೀತಪೆಟ್ಟಿಗೆಯಲ್ಲಿ ಮೂಲದ ಕಹಿ ತಳಿ ಭದ್ರವಾಗಿದೆ. ಅದನ್ನು ಒಣಗಿಸಿ, ಪುಡಿಯನ್ನು ಪುಟ್ಟ ಪೊಟ್ಟಣದಂತೆ ಚೀಟಿ ಕಟ್ಟಿ ಕೊಡುವುದು. ಪ್ರತಿ ದಿನ ಹೊಸ ಚೀಟಿ ಒಡೆದು ಹಾಲಿಗೆ ಹಾಕಬೇಕು. ನಿನ್ನೆಯ ಮೊಸರಿನಿಂದ ಹೆಪ್ಪು ಎತ್ತುವಂತಿಲ್ಲ. ಯಾರಿಗೂ ಕೊಡುವಂತಿಲ್ಲ, ಯಾರಿಂದಲೂ ತರುವಂತಿಲ್ಲ. ಒಂದು ಹನಿ ಬಿಳಿ ತಳಿ ಸೇರಿದರೂ ಅದೇ ಗೆಲ್ಲುತ್ತದೆ.

"ಅಂದ್ರ ಇದು ಮನಿ ಔಷಧ ಆಗಿ ಉಳಿಯೂದಿಲ್ಲ ಸರ್."

"ಇಲ್ಲವಾ. ಅಂಗಡಿ ಔಷಧ ಆಗ್ತದ. ಚೀಟಿ ಮುಗದ್ರ ಔಷಧನೂ ಮುಗೀತು." ಅವರು ಕಿಟಕಿಯ ಕಡೆ ತಿರುಗಿದರು. "ನನಗೇನು ಖುಷಿ ಇಲ್ಲ ನೋಡು."

ಅತ್ತೆಗೆ ಹೇಳಬೇಕೋ ಬೇಡವೋ ಎಂದು ಮಹಾನಂದಾ ದಾರಿಯುದ್ದಕ್ಕೂ ಬಸ್ಸಿನಲ್ಲಿ ಯೋಚಿಸಿದಳು. ಹೇಳದಿದ್ದರೆ ನಾಳೆ ಬೆಳಿಗ್ಗೆ ಆ ಅಂಗೈ ಮತ್ತೆ ಅದೇ ಕೆಲಸ ಮಾಡುತ್ತದೆ. ಹೇಳಿದರೆ, ಎಪ್ಪತ್ತು ವರ್ಷದ ಹೆಣ್ಣುಮಗಳು ಇನ್ನುಳಿದ ದಿನ ಆ ಅಂಗೈಯನ್ನು ಎಲ್ಲಿಡಬೇಕು?

ಹೇಳಿದಳು. ದನಿ ಏರಿಸದೆ, ಹಾಲು ಕಾಯಿಸುತ್ತ, ಮುಖ ನೋಡದೆ, ಸಣ್ಣ ಮಾತುಗಳಲ್ಲಿ. ನಿಮ್ಮೊಬ್ಬರದಲ್ಲ, ಎಲ್ಲರ ಮನೆಯಲ್ಲೂ ಹೀಗೇ ಆಗಿದೆ ಎಂದಳು. ತಪ್ಪು ನಮ್ಮದು, ನಾವು ಮೊದಲೇ ಕೇಳಬೇಕಿತ್ತು ಎಂದಳು. ಅದು ನಿಜವೂ ಆಗಿತ್ತು. ಆದರೂ ಯಾವ ಮಾತೂ ಎಲ್ಲಿಗೂ ಮುಟ್ಟಲಿಲ್ಲ.

ಶಾಂತವ್ವ ಗೋಡೆಗೆ ಒರಗಿ ಕುಳಿತಿದ್ದಳು. "ಕೂಸು ಉಣ್ಣಲಿ ಅಂತ ಮಾಡಿದ್ನೆವಾ," ಎಂದಳು.

"ಗೊತ್ತೈತ್ರಿ ಅತ್ತಿ."

"ಕಹಿ ಇದ್ರ ಅಳತಿತ್ತು."

"ಹೌದ್ರಿ."

ಆಮೇಲೆ ಅವಳು ಎದ್ದು ಮನೆಯಲ್ಲಿದ್ದ ಮೊಸರನ್ನೆಲ್ಲ ಬಚ್ಚಲಿಗೆ ಸುರಿದಳು. ಮಣ್ಣಿನ ಕುಡಿಕೆಗಳಿಗೆ ಕುದಿಯುವ ನೀರು ಹಾಕಿದರೆ ಸಾಕು ಎಂದು ಮಹಾನಂದಾ ಹೇಳುತ್ತಿದ್ದಂತೆಯೇ ಅವನ್ನು ಹಿತ್ತಲಿಗೆ ಒಯ್ದು ಒಂದೊಂದಾಗಿ ಕಲ್ಲಿಗೆ ಬಡಿದಳು. ಅವುಗಳಲ್ಲೊಂದು ಅವಳ ಅತ್ತೆಯ ಕಾಲದ್ದು.

*

ಬೇಸಿಗೆಯ ಹೊತ್ತಿಗೆ ಕಸ್ತೂರಿಯ ಮೊಣಕಾಲಿನ ಬಾವು ಇಳಿಯಿತು. ಗುಳಿಗೆ ಮತ್ತೆ ಅರ್ಧವಾಯಿತು. ಈಗ ಮೊಸರು ಮೊದಲ ದಿನದಷ್ಟೇ ಕಹಿ, ದಿನಾ ಮೊದಲ ದಿನದಷ್ಟೇ. ತಿನ್ನಿಸುವವಳು ಶಾಂತವ್ವನೇ. ಬೆಲ್ಲ ಬೆರೆಸುವುದಿಲ್ಲ, ಕತೆ ಹೇಳುವುದಿಲ್ಲ. ಬೆಲ್ಲ ಬೆರೆಸಿದರೆ ಔಷಧ ಕೆಡುವುದಿಲ್ಲವೆಂದು ಮಹಾನಂದಾ ಎರಡು ಮೂರು ಸಲ ಹೇಳಿನೋಡಿದಳು. ಶಾಂತವ್ವ ಕೇಳಲಿಲ್ಲ. ಚಮಚ ಎತ್ತಿ ಹಿಡಿದು ಕಾಯುತ್ತಾಳೆ. ಹುಡುಗಿ ಅಜ್ಜಿಯ ಮುಖ ನೋಡುತ್ತ ನುಂಗುತ್ತಾಳೆ. ಅಜ್ಜಿ-ಮೊಮ್ಮಗಳ ನಡುವಿನ ನಗೆ ಅಲ್ಲೆಲ್ಲೋ ಒಣಗಿಹೋಗಿತ್ತು.

ಒಂದು ರಜೆಯ ದಿನ ಬಾಗಿಲಲ್ಲಿ ಯಾರೋ ಕರೆದರು. ಹಿಂದಿನ ಓಣಿಗೆ ಹೊಸದಾಗಿ ಬಂದಿದ್ದ ದಿಲ್ಶಾದ್. ಅವಳ ಮಗನಿಗೂ ಇದೇ ಕೀಲುಬೇನೆ, ಕೇಂದ್ರದ ಚೀಟಿಗಳು ಅವನಿಗೂ ಸಿಗತೊಡಗಿ ಎರಡು ವಾರವಾಗಿತ್ತು. ಕೈಯಲ್ಲೊಂದು ಸ್ಟೀಲಿನ ಬಟ್ಟಲು.

"ಶಾಂತಕ್ಕಾ, ನಮ್ಮ ಸಾಹಿಲ್ ಒಂದ ತುತ್ತ ನುಂಗವಲ್ಲ ನೋಡ್ರಿ. ಉಗಳತಾನ, ಅಳತಾನ. ನಿಮ್ಮ ಮನೀ ಹೆಪ್ಪ ಸಿಹಿ ಇರತೈತಂತ, ದವಾಖಾನ್ಯಾಗ ಹೇಳಿದ್ರು. ಒಂದ ಚಮಚ ಕೊಡ್ರಿ. ನಿಮಗ ಪುಣ್ಯಾ ಬರತೈತಿ."

ಒಳಗೆ ಬಟ್ಟೆ ಮಡಚುತ್ತಿದ್ದ ಮಹಾನಂದಾ ಧಾವಿಸಿ ಬರಲಿದ್ದಳು. ಬಾಗಿಲ ತನಕ ಬಂದು ನಿಂತಳು, ಅತ್ತೆಯ ಬೆನ್ನು ನೋಡಿ.

"ಇಲ್ಲವಾ," ಎಂದಳು ಶಾಂತವ್ವ.

ದಿಲ್ಶಾದ್ ತಮಾಷೆಯೆಂದುಕೊಂಡು ನಕ್ಕಳು. "ಹೆಪ್ಪಿಗೂ ಇಲ್ಲಂತೀರೇನ್ರಿ ಅಕ್ಕಾ? ಚಮಚಾ ಬ್ಯಾಡ, ಬಟ್ಟಲದ ತಳಕ್ಕ ಹತ್ತಿದ್ದ ಕೊಟ್ರೂ ಸಾಕು."

"ಇದ್ದಿದ್ರೂ ಕೊಡತಿದ್ದಿಲ್ಲ." ಶಾಂತವ್ವನ ದನಿ ಒಡೆಯಿತು, ಆದರೆ ಅವಳು ಬಾಗಿಲು ಬಿಟ್ಟು ಸರಿಯಲಿಲ್ಲ. "ಕಸ್ತೂ, ಇಲ್ಲಿ ಬಾ. ಆ ಬಲಗೈ ತೋರಸು. ಅಕ್ಕಗ ಮಡಚಿ ತೋರಸು."

ಕಸ್ತೂರಿ ಬಂದು ಕೈ ಎತ್ತಿ ಹಿಡಿದಳು. ಬೆರಳುಗಳು ಮಡಚಿಕೊಂಡವು, ಬಿಚ್ಚಿಕೊಂಡವು. ಅದರ ಕೆಳಗೆ ಮಣಿಕಟ್ಟು ಕೆತ್ತಿದ ಕಟ್ಟಿಗೆಯ ಹಾಗೆ ನೆಟ್ಟಗೆ ನಿಂತಿತ್ತು. ಹುಡುಗಿ ಇನ್ನೊಂದು ಕೈಯಿಂದ ಅದನ್ನು ಒತ್ತಿಯೂ ನೋಡಿದಳು, ಹೇಳಿದ ಕೆಲಸ ಪೂರ್ತಿ ಮಾಡುವವಳಂತೆ.

"ಸಿಹಿ ಮೊಸರ ಉಂಡ ಕೈ ಇದು," ಎಂದಳು ಶಾಂತವ್ವ. "ಹೋಗು. ಹುಡುಗನ ಮೂಗ ಹಿಡಕೊಂಡು ಕಹೀನ ತಿನ್ನಸು. ಅತ್ರ ಅಳಲಿ."

ದಿಲ್ಶಾದ್‌ಳ ನಗೆ ಎಲ್ಲಿಗೆ ಹೋಯಿತೋ. ಬಟ್ಟಲನ್ನು ದುಪಟ್ಟಾದ ಅಂಚಿನಲ್ಲಿ ಮುಚ್ಚಿಕೊಂಡಳು, ಹುಡುಗಿಯ ಕೆನ್ನೆ ಮುಟ್ಟಿದಳು, ಬರ್ತೀನಿ ಅಂದಳೋ ಇಲ್ಲವೋ, ಮೆಟ್ಟಿಲಿಳಿದು ಹೊರಟುಹೋದಳು. ಶಾಂತವ್ವ ಅವಳು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು. ಆಮೇಲೂ ಖಾಲಿ ಓಣಿಯನ್ನೇ ನೋಡುತ್ತ ನಿಂತಳು.

"ಆಯಿ," ಎಂದು ಅಜ್ಜಿಯನ್ನು ಕರೆದಳು ಕಸ್ತೂರಿ, "ಕೈ ಇಳಸ್ಲೇನ?"